ಮೊದಲ ಫ್ಲ್ಯಾಟ್ ಕೊಂಡ ಮೇಲೆ ಚಿಂತೆ ಜಾಸ್ತಿಯಾಗಿದೆ, ಏನು ಮಾಡಲಿ?

ಮೊದಲ ಮಳೆಗೇ ಗೋಡೆ ಒದ್ದೆಯಾಗಿದೆ, ಸಾಲದ ಕಂತು ಬೇರೆ ತಲೆ ಮೇಲಿದೆ ಅಂತ ಬರೆದಿದ್ದೀರಿ. ಗಾಬರಿಯಾಗೋದು ಸಹಜ. ಎಲ್ಲವನ್ನೂ ಒಟ್ಟಿಗೆ ತಲೆಗೆ ಹಚ್ಚಿಕೊಳ್ಳಬೇಡಿ, ಮೊದಲು ಗೋಡೆ ನೋಡಿ.

ಕಿಟಕಿಯ ಕೆಳಮೂಲೆಯಲ್ಲಿ ಪೇಂಟ್ ಉಬ್ಬಿ, ಮಳೆ ಬಂದಾಗ ಮಾತ್ರ ತೇವ ಕಾಣಿಸಿದರೆ ನೀರು ಬಹುಶಃ ಹೊರಗಿನಿಂದ ಬರುತ್ತಿದೆ. ಬಿಸಿಲಿದ್ದಾಗಲೂ ಒಣಗದಿದ್ದರೆ ಪೈಪ್ ಅಥವಾ ಮೇಲಿನ ಮನೆಯ ಬಾತ್‌ರೂಮ್ ನೋಡಿಸಿ. ಕಾರಣ ಗೊತ್ತಾಗುವ ಮೊದಲು ಪೇಂಟ್ ಹೊಡೆಸಿದರೆ ದುಡ್ಡು ದಂಡ. ಫೋಟೋ ತೆಗೆದು ಬಿಲ್ಡರ್‌ಗೆ ಇಮೇಲ್ ಮಾಡಿ, ಬಾಯಿಮಾತು ಸಾಲದು. 2016ರ ರೇರಾ ಕಾಯ್ದೆ (ಮನೆ ಕೊಳ್ಳುವವರ ರಕ್ಷಣೆಗಿರುವ ರಿಯಲ್ ಎಸ್ಟೇಟ್ ಕಾನೂನು) ಪ್ರಕಾರ, ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ಅಥವಾ ಕೆಲಸದ ದೋಷ ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ಅದೇ ಬೇಜಾರು.

ಇನ್ನು ಸಾಲ. ಆರು ತಿಂಗಳ ಕಂತಿನಷ್ಟು ಹಣ ಬೇರೆ ಖಾತೆಯಲ್ಲಿ ಕೂಡಿಡಿ. ಆಮೇಲೆ ಬೋನಸ್ ಬಂದಾಗ ಸ್ವಲ್ಪ ಅಸಲು ಕಟ್ಟಿ. ಶುರುವಿನ ವರ್ಷಗಳಲ್ಲಿ ಕಂತಿನ ಹೆಚ್ಚಿನ ಪಾಲು ಬಡ್ಡಿಗೇ ಹೋಗುತ್ತದೆ, ಅಲ್ವಾ? ಹಾಗಾಗಿ ಬೇಗ ಕಟ್ಟಿದಷ್ಟೂ ಉಳಿತಾಯ. ಫ್ಲೋಟಿಂಗ್ ಬಡ್ಡಿಯ, ಅಂದರೆ ಬಡ್ಡಿ ದರ ಆಗಾಗ ಏರಿಳಿಯುವ ಗೃಹಸಾಲವಾದರೆ, ಹೀಗೆ ಮೊದಲೇ ಕಟ್ಟಿದ್ದಕ್ಕೆ ಬ್ಯಾಂಕ್ ದಂಡ ಹಾಕುವಂತಿಲ್ಲ. ಫಾಲ್ಸ್ ಸೀಲಿಂಗ್, ಹೊಸ ಸೋಫಾ ಮುಂದಿನ ವರ್ಷಕ್ಕಿರಲಿ.