ಗಾಜಿನ ಸಂದಿಯಿಂದ ಇಳಿಯುವ ನೀರು

ಪ್ರಶ್ನೆ: ನಮ್ಮದು ಹದಿನಾಲ್ಕು ವರ್ಷದ ಹಳೇ ವ್ಯಾನ್. ಹಿಂದಿನ ಸೀಟಿನ ಪಕ್ಕದ ಗಾಜು ತೆರೆಯುವಂಥದ್ದಲ್ಲ, ಸುತ್ತ ಕಪ್ಪು ರಬ್ಬರ್ ಬೀಡಿಂಗ್ ಇದೆ. ಮಳೆ ಬಂದರೆ ಮ್ಯಾಟ್ ಕೆಳಗೆ ನೀರು. ಎರಡು ಸಲ ಸಿಲಿಕಾನ್ ಬಳಿದೆ, ಒಂದು ತಿಂಗಳು ಸುಮ್ಮನಿದ್ದು ಮತ್ತೆ ಶುರುವಾಯಿತು. ಗಾಜು ಬಿಚ್ಚಿಸಲೇಬೇಕಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಬಿಚ್ಚಿಸಬೇಕಾಗಬಹುದು, ಆದರೆ ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ನೋಡಿ. ನಿಮ್ಮೂರಿನ ಹೆಂಚಿನ ಮನೆ ಗೊತ್ತಲ್ವಾ, ಒಡೆದ ಹೆಂಚು ಒಂದು ಕಡೆ ಇರುತ್ತದೆ, ಹನಿ ಬೀಳುವುದು ಇನ್ನೆಲ್ಲೋ. ಇಲ್ಲೂ ಅದೇ ಕಥೆ. ಚಾವಣಿ ಅಂಚಿನ ಜೋಡಣೆ ಬಿರಿದಿದ್ದರೂ ನೀರು ಗಾಜಿನ ಪಕ್ಕದ ತಗಡಿನ ಕಂಬದ ಒಳಗೆ ಇಳಿದು ಗಾಜಿನ ಮೇಲೆ ಅಪವಾದ ಬರುತ್ತದೆ.

ಗಾಜಿನ ಒಳಬದಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಸುತ್ತ ಟಾಲ್ಕಂ ಪೌಡರ್ ಉದುರಿಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಸಣ್ಣಗೆ ನೀರು ಬಿಡಲಿ. ಗಾಜಿನ ಕೆಳಗಿನ ಅಂಚಿನಿಂದ ಶುರು ಮಾಡಿ, ಒಂದೊಂದು ಕಡೆ ಒಂದೆರಡು ನಿಮಿಷ ನಿಲ್ಲಿಸಿ, ಆಮೇಲೆ ಮೇಲೆ ಹೋಗಿ. ಮೇಲಿನಿಂದಲೇ ಸುರಿದರೆ ಎಲ್ಲಾ ಕಡೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಪೌಡರಿನಲ್ಲಿ ಗೆರೆ ಮೂಡಿದ ಜಾಗವೇ ಕಳ್ಳದಾರಿ.

ಈ ಬೀಡಿಂಗಿನ ಉದ್ದಕ್ಕೂ ಕಾಲುವೆಯಂಥ ಎರಡು ಸಂದು ಇರುತ್ತವೆ, ಒಂದು ಗಾಜನ್ನು ಹಿಡಿದರೆ ಇನ್ನೊಂದು ತಗಡಿನ ಅಂಚನ್ನು ಹಿಡಿಯುತ್ತದೆ, ಹಾಗಾಗಿ ನೀರಿಗೂ ಎರಡು ದಾರಿ. ನೀವು ಹೊರಗಿನಿಂದ ಸಿಲಿಕಾನ್ ಬಳಿದಾಗ ಮೇಲಿನ ಮೂಲೆಯಲ್ಲಿ ಒಳಗೆ ಹೋದ ನೀರಿಗೆ ಕೆಳಗೆ ಹೊರಬರುವ ದಾರಿಯೇ ಮುಚ್ಚಿರಬಹುದು. ಅದರ ಮೇಲೆ ಹುಳಿ ವಾಸನೆಯ ಸಿಲಿಕಾನ್ ಒಣಗುವಾಗ ಆಮ್ಲ ಬಿಡುತ್ತದೆ, ಬಣ್ಣ ಹೋದ ತಗಡಿಗೆ ತುಕ್ಕು ಹಿಡಿಸುತ್ತದೆ. ಹಳೇ ಎಟಿಎಂ ಕಾರ್ಡಿನಿಂದ ಅದನ್ನೆಲ್ಲ ಕೆರೆದು ತೆಗೆಯಿರಿ.

ಈಗ ಬೀಡಿಂಗನ್ನು ಉಗುರಿನಿಂದ ಒತ್ತಿ. ಮೆತ್ತಗಿದ್ದರೆ ಬಿದಿರಿನ ಚಕ್ಕೆಯಿಂದ ಅದರ ತುಟಿ, ಅಂದರೆ ತೆಳು ಅಂಚು, ಎತ್ತಿ, ಗಟ್ಟಿಯಾಗದ ವಿಂಡ್‌ಶೀಲ್ಡ್ ಸೀಲಂಟನ್ನು ಎರಡೂ ಸಂದಿಗೆ ತುಂಬಿಸಿದರೆ ಸಾಕು. ಕಡ್ಡಿಯಂತಾಗಿ ಬಿರುಕು ಬಿಟ್ಟಿದ್ದರೆ ಹೊಸ ಬೀಡಿಂಗೇ ಗತಿ, ಗಾಜು ಬಿಚ್ಚಲೇಬೇಕು. ಬಿಚ್ಚಿದ ಮೇಲೆ ತಗಡಿನ ಅಂಚು ನೋಡದೆ ಹಾಗೇ ಕೂರಿಸಲು ಬಿಡಬೇಡಿ. ತುಕ್ಕನ್ನು ಹೊಳೆಯುವ ತನಕ ಉಜ್ಜಿ, ಪ್ರೈಮರ್, ಬಣ್ಣ ಹೊಡೆದು, ಚೆನ್ನಾಗಿ ಒಣಗಿಸಬೇಕು. ತೂತಾಗಿದ್ದರೆ ಟಿಂಕರಿಂಗ್ ಅಂಗಡಿಗೇ ಹೋಗಬೇಕು, ಪುಟ್ಟಿ ಮೆತ್ತಿದರೆ ನಿಲ್ಲುವುದಿಲ್ಲ. ಕೂರಿಸುವಾಗ ತಗಡಿನ ಕಡೆಯ ಸಂದಿನಲ್ಲಿ ನೈಲಾನ್ ದಾರ ಸುತ್ತಿ, ಸೋಪಿನ ನೀರು ಸವರಿ, ಹೊರಗಿನಿಂದ ಒಬ್ಬರು ಅಂಗೈಯಿಂದ ಒತ್ತುತ್ತಿದ್ದಂತೆ ಒಳಗಿನವರು ದಾರ ಎಳೆಯುತ್ತಾ ಹೋದರೆ ತುಟಿ ತಗಡಿನ ಮೇಲೆ ತಾನಾಗಿ ಮಗುಚಿಕೊಳ್ಳುತ್ತದೆ. ಜಾರಲಿ ಅಂತ ಗ್ರೀಸ್ ಹಚ್ಚಬೇಡಿ, ರಬ್ಬರ್ ಉಬ್ಬುತ್ತದೆ.

ಪ್ರಶ್ನೆ: ಮೂರು ವರ್ಷದ ಕಾರು. ಮುಂದಿನ ಗಾಜು ಒಡೆದು ಹೊಸದು ಹಾಕಿಸಿದೆ, ಈಗ ಎಡಗಡೆ ಕಾಲ ಬಳಿ ಒದ್ದೆ. ನಾನೇ ಸಿಲಿಕಾನ್ ಹಚ್ಚಲಾ?
– ಓದುಗರು, ಮಂಗಳೂರು

ಉತ್ತರ: ಬೇಡವೇ ಬೇಡ. ನಿಮ್ಮ ಗಾಜು ಯುರೆಥೇನ್ ಅಂಟಿನ ಮೇಲೆ ನಿಂತಿದೆ, ಕಾರಿನ ಗಟ್ಟಿತನದಲ್ಲಿ ಅದಕ್ಕೂ ಪಾಲಿದೆ, ಎಷ್ಟೋ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಒರಗುವುದೇ ಆ ಗಾಜಿಗೆ. ಸಿಲಿಕಾನ್ ತಾಗಿದ ಕಡೆ ಆಮೇಲೆ ಯುರೆಥೇನ್ ಕಚ್ಚುವುದಿಲ್ಲ. ಹಾಕಿದವರ ಹತ್ತಿರವೇ ವಾಪಸ್ ಹೋಗಿ, ಮತ್ತೆ ಸರಿಯಾಗಿ ಕೂರಿಸಿ ಅಂತ ಕೇಳಿ. ಹೋಗುವ ಮುಂಚೆ ಒಂದು ಬಿಸಿಲ ದಿನ ಅರ್ಧ ಗಂಟೆ ಎಸಿ ಹಾಕಿ ನೋಡಿ. ಮಳೆಯಿಲ್ಲದೆಯೂ ಅಲ್ಲೇ ನೀರು ಬಂದರೆ ಅದು ಗಾಜಿನದ್ದಲ್ಲ, ಎಸಿ ನೀರು ಹೋಗುವ ಪೈಪ್ ಕಟ್ಟಿಕೊಂಡಿದೆ.