ಡಾಕ್ಟರಮ್ಮನ ಅಂಚೆ: ಏರ್‌ಬ್ಯಾಗ್ ಎದುರು ಮಗುವನ್ನು ಕೂರಿಸಬೇಡಿ

ಸೀಟ್ ಬೆಲ್ಟ್ ಬಗ್ಗೆ ಬರೆದಿದ್ದಕ್ಕೆ ಬಂದ ಪತ್ರಗಳಲ್ಲಿ ಬಹಳಷ್ಟು ಏರ್‌ಬ್ಯಾಗ್ ಕುರಿತೇ ಇದ್ದವು. ಸಹಜವೇ. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಡ್ರೈವರ್ ಮುಂದೆ ಏರ್‌ಬ್ಯಾಗ್ ಕಡ್ಡಾಯವಾಯಿತು. 2022ರ ಹೊತ್ತಿಗೆ ಪಕ್ಕದ ಸೀಟಿಗೂ ಬಂತು. ಈಗ ಸಣ್ಣ ಕಾರಿನಲ್ಲೂ ಎರಡಾದರೂ ಇರುತ್ತವೆ. ಆದರೆ ಅದರ ಎದುರು ಹೇಗೆ ಕೂರಬೇಕು ಅಂತ ಕಾರು ಕೊಡುವಾಗ ಯಾರೂ ಹೇಳುವುದಿಲ್ಲ. ನಾನು ಹೆದ್ದಾರಿ ಪಕ್ಕದ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡುವವಳು. ಅಲ್ಲಿ ಏನು ನೋಡುತ್ತೇನೋ ಅದನ್ನೇ ಇಟ್ಟುಕೊಂಡು ಉತ್ತರಿಸುತ್ತಿದ್ದೇನೆ.

ಮೇಡಂ, ಮಗನಿಗೆ ಎರಡೂವರೆ ವರ್ಷ. ಕಾರಲ್ಲಿ ಮುಂದಿನ ಸೀಟಲ್ಲಿ ನನ್ನ ಮಡಿಲಲ್ಲೇ ಕೂರುತ್ತಾನೆ. ಹಿಂದೆ ಕೂರಿಸಿದರೆ ಒಂದೇ ಸಮನೆ ಅಳು. ನಮ್ಮವರು ನಿಧಾನವಾಗಿಯೇ ಓಡಿಸುತ್ತಾರೆ. ಏರ್‌ಬ್ಯಾಗ್ ಕೂಡ ಇದೆ. ‘ತಾಯಿ ಮಡಿಲಿಗಿಂತ ಸೇಫ್ ಜಾಗ ಯಾವುದಿದೆ’ ಅನ್ನುತ್ತಾರೆ ಅತ್ತೆ. ಸರಿಯೇ?
– ಓದುಗರು, ತಿಪಟೂರು

ಸರಿಯಲ್ಲ ತಾಯಿ. ದಯವಿಟ್ಟು ಇವತ್ತೇ ನಿಲ್ಲಿಸಿ. ಬಂದ ಪತ್ರಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ನಿಮ್ಮದೇ.

ಏರ್‌ಬ್ಯಾಗ್ ಅಂದರೆ ದಿಂಬಿನ ಹಾಗೆ ಮೆತ್ತಗೆ ಬಂದು ಕೂರುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನಿಜವಾಗಿ ಆಗುವುದೇ ಬೇರೆ. ಕಾರು ಜೋರಾಗಿ ಗುದ್ದಿದ್ದನ್ನು ಸೆನ್ಸರ್ ಗುರುತಿಸುತ್ತದೆ. ಏರ್‌ಬ್ಯಾಗ್ ಜೊತೆಗಿರುವ ಲೋಹದ ಡಬ್ಬಿಯೊಳಗಿನ ರಾಸಾಯನಿಕಕ್ಕೆ ಕಿಡಿ ತಾಗುತ್ತದೆ. ಅದು ಉರಿದು ಹುಟ್ಟುವ ಗ್ಯಾಸ್ ನೈಲಾನ್ ಚೀಲವನ್ನು ತುಂಬುತ್ತದೆ. ಒಂದು ಸೆಕೆಂಡನ್ನು ನೂರು ಪಾಲು ಮಾಡಿದರೆ ಅದರಲ್ಲಿ ಮೂರು ನಾಲ್ಕು ಪಾಲಿನೊಳಗೆ ಇಷ್ಟೆಲ್ಲ ಮುಗಿದಿರುತ್ತದೆ. ಚೀಲ ಹೊರಗೆ ನುಗ್ಗುವ ವೇಗ ಗಂಟೆಗೆ 300 ಕಿ.ಮೀ. ಆಸುಪಾಸು. ರೆಪ್ಪೆ ಮುಚ್ಚುವುದಕ್ಕೂ ಟೈಮ್ ಸಿಗುವುದಿಲ್ಲ. ಚೀಲ ಪೂರ್ತಿ ತುಂಬಿದ ಮೇಲೆ ನಾವು ಅದರ ಮೇಲೆ ಒರಗಿದರೆ ಅದು ಕಾಪಾಡುತ್ತದೆ. ಅದು ಇನ್ನೂ ನುಗ್ಗುತ್ತಿರುವಾಗ ಎದುರಿಗೆ ಸಿಕ್ಕರೆ ಗುದ್ದುತ್ತದೆ. ಹೊರಬರುವ ಮೊದಲ ಎರಡು ಮೂರು ಇಂಚಿನಲ್ಲಿ ಆ ಹೊಡೆತ ಎಲ್ಲಕ್ಕಿಂತ ಜೋರು.

ಈಗ ನಿಮ್ಮ ಮಗ ಕೂರುವ ಜಾಗ ನೋಡಿ. ಡ್ಯಾಶ್‌ಬೋರ್ಡಿಗೆ ನಿಮಗಿಂತ ಅವನೇ ಹತ್ತಿರ. ಚೀಲ ನೇರ ಅವನ ಮುಖಕ್ಕೆ, ಎದೆಗೆ ಬರುತ್ತದೆ. ಆ ವಯಸ್ಸಿಗೆ ತಲೆ ದೊಡ್ಡದು, ಕುತ್ತಿಗೆ ಎಳೆಯದು. ಹಿಂದೆ ಸರಿಯೋಣ ಅಂದರೆ ನಿಮ್ಮ ಮೈ ಅಡ್ಡ ಇದೆ. ಮುಂದೆ ಚೀಲ, ಹಿಂದೆ ನೀವು, ನಡುವೆ ಮಗು. ಅತ್ತೆಯವರ ಪ್ರೀತಿ ದೊಡ್ಡದು, ಒಪ್ಪುತ್ತೇನೆ. ಅವರ ಕಾಲದ ಕಾರಿನಲ್ಲಿ ಈ ಚೀಲ ಇರಲಿಲ್ಲ. ಆಗಲೂ ಮಡಿಲು ಸೇಫ್ ಅಲ್ಲ. ಗುದ್ದಿದ ಕ್ಷಣದಲ್ಲಿ 10 ಕೆ.ಜಿ. ಮಗು ನೂರಾರು ಕೆ.ಜಿ. ತೂಕದಷ್ಟು ಬಲದಲ್ಲಿ ಮುಂದಕ್ಕೆ ಹೋಗುತ್ತದೆ. ಎಂಥ ತಾಯಿಯ ಕೈಗೂ ಅದನ್ನು ಹಿಡಿಯಲು ಆಗುವುದಿಲ್ಲ.

2024ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಕಾರು, ಟ್ಯಾಂಕರ್ ಲಾರಿ ಡಿಕ್ಕಿಯಾದವು. ತಾಯಿಯ ಮಡಿಲಲ್ಲಿ ಮುಂದೆ ಕೂತಿದ್ದ ಎರಡು ವರ್ಷದ ಹೆಣ್ಣುಮಗು ಏರ್‌ಬ್ಯಾಗ್ ಬಿಚ್ಚಿಕೊಂಡಾಗ ತೀರಿಕೊಂಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ನವಿ ಮುಂಬೈನ ವಾಶಿಯಲ್ಲಿ ಮುಂದಿನ ಸೀಟಿನಲ್ಲಿದ್ದ ಆರು ವರ್ಷದ ಹುಡುಗನಿಗೂ ಹೀಗೇ ಆಯಿತು. ಜೊತೆಯಲ್ಲಿದ್ದ ದೊಡ್ಡವರು ಬದುಕಿ ಉಳಿದರು. ಅಮೆರಿಕದಲ್ಲಿ ಈ ಪಾಠ ಮೊದಲೇ ಆಗಿತ್ತು. 1990ರಿಂದ 2008ರ ನಡುವೆ ಅಲ್ಲಿ ನಿಧಾನ ವೇಗದ ಅಪಘಾತಗಳಲ್ಲೇ 290ಕ್ಕೂ ಹೆಚ್ಚು ಜನ ಮುಂದಿನ ಏರ್‌ಬ್ಯಾಗಿನ ಹೊಡೆತದಿಂದ ಸತ್ತರು. ಅವರಲ್ಲಿ ಮಕ್ಕಳು ಬಹಳ. ಬೆಲ್ಟ್ ಹಾಕದವರೂ ಬಹಳ. ಹೆಚ್ಚಿನವು 1998ಕ್ಕಿಂತ ಹಿಂದಿನ ಕಾರುಗಳು. ಆಮೇಲೆ ಚೀಲದ ಜೋರು ಕಡಿಮೆ ಮಾಡಿದರು, ಮಕ್ಕಳನ್ನು ಹಿಂದೆ ಕೂರಿಸಿ ಅಂತ ಊರಿಗೆಲ್ಲ ಸಾರಿದರು. ಸಾವು ಇಳಿಯಿತು.

ನಿಧಾನವಾಗಿ ಓಡಿಸುತ್ತಾರೆ ಅಂದಿರಲ್ಲ, ಗಂಟೆಗೆ 20–25 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿದರೂ ಏರ್‌ಬ್ಯಾಗ್ ಬಿಚ್ಚಿಕೊಳ್ಳಬಹುದು. ನಿಮ್ಮೂರಿನ ಸಂತೆ ಬೀದಿಯಲ್ಲಿ ಹೋಗುವ ವೇಗ ಅದು.

ಹಾಗಾಗಿ ಮಗು ಹಿಂದಿನ ಸೀಟಲ್ಲಿ, ಅವನ ತೂಕ ಎತ್ತರಕ್ಕೆ ಸರಿಹೊಂದುವ ಚೈಲ್ಡ್ ಸೀಟಿನಲ್ಲಿ ಕೂರಬೇಕು. ಹನ್ನೆರಡು ಹದಿಮೂರು ವರ್ಷದವರೆಗೂ ಹಿಂದೆಯೇ. ಕೈಗೂಸಿಗೆ ಹಿಂಬದಿಗೆ ಮುಖ ಮಾಡಿ ಕೂರಿಸುವ ಸೀಟು ಬರುತ್ತದೆ. ಏರ್‌ಬ್ಯಾಗ್ ಆನ್ ಇರುವ ಮುಂದಿನ ಸೀಟಿಗೆ ಅದನ್ನು ಯಾವತ್ತೂ ಕಟ್ಟಬೇಡಿ. ಮಗುವಿನ ತಲೆಯ ಹಿಂದೆಯೇ ಚೀಲ ಸಿಡಿಯುತ್ತದೆ. ಕಾನೂನೂ ಇದೆ: ಹದಿನಾಲ್ಕು ತುಂಬದ ಮಗುವನ್ನು ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದೆ ಕೂರಿಸಿದರೆ ಸಾವಿರ ರೂಪಾಯಿ ದಂಡ. ಅಳುವಿಗೆ ನನ್ನ ಸಲಹೆ ಏನೆಂದರೆ, ಅವನ ಒಂದು ಪಕ್ಕ ನೀವು ಕೂತು ಇನ್ನೊಂದು ಪಕ್ಕ ಅಜ್ಜಿಯನ್ನು ಕೂರಿಸಿ. ನೀವಿಬ್ಬರೂ ಬೆಲ್ಟ್ ಹಾಕಿ. ಮೊದಲು ಹತ್ತಿರದ ಓಡಾಟಕ್ಕೆ ರೂಢಿ ಮಾಡಿಸಿ. ಕೆಲವು ದಿನ ಅಳುತ್ತಾನೆ, ಅಳಲಿ. ಆಮೇಲೆ ಅದೇ ತನ್ನ ಸೀಟು ಅಂತ ಹಟ ಮಾಡುತ್ತಾನೆ.

ಹೋದ ತಿಂಗಳು ಹಿರಿಯೂರು ಹತ್ತಿರ ನಮ್ಮ ಕಾರು ಡಿಕ್ಕಿ ಹೊಡೆಯಿತು. ಏರ್‌ಬ್ಯಾಗ್ ಬಂದು ಜೀವ ಉಳಿಯಿತು. ಆದರೆ ಒಳಗೆಲ್ಲ ಹೊಗೆ ತುಂಬಿ, ಬೆಂಕಿಯೇ ಹತ್ತಿತು ಅಂದುಕೊಂಡೆ. ಕಣ್ಣು ಉರಿ, ಮುಂಗೈ ಚರ್ಮ ಸುಲಿದಿತ್ತು. ಕಿವಿಯಲ್ಲಿ ಗುಂಯ್ ಶಬ್ದ ಇನ್ನೂ ನಿಂತಿಲ್ಲ. ಇದೆಲ್ಲ ಏರ್‌ಬ್ಯಾಗಿಂದಲೇ ಆಗುತ್ತಾ?
– ಓದುಗರು, ದಾವಣಗೆರೆ

ಆಗುತ್ತದೆ. ಮೊದಲು ಕಿವಿ. ತಿಂಗಳಾದರೂ ಗುಂಯ್‌ಗುಡುತ್ತಿದ್ದರೆ ಇನ್ನು ಕಾಯಬೇಡಿ. ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ ಶ್ರವಣ ಪರೀಕ್ಷೆ ಮಾಡಿಸಿ. ಏರ್‌ಬ್ಯಾಗ್ ಸಿಡಿಯುವ ಶಬ್ದ 150 ಡೆಸಿಬಲ್ ದಾಟಬಹುದು. ಮುಚ್ಚಿದ ಕಾರಿನೊಳಗೆ, ಕಿವಿಯ ಪಕ್ಕದಲ್ಲೇ. ಕೆಲವರಿಗೆ ತಾನಾಗಿ ಸರಿಹೋಗುತ್ತದೆ. ಕೆಲವರಿಗೆ ಕೇಳುವ ಶಕ್ತಿ ಕುಗ್ಗಿಯೇ ಇರುತ್ತದೆ. ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ.

ನೀವು ಕಂಡ ಹೊಗೆಯಲ್ಲಿ ಹೆಚ್ಚಿನ ಪಾಲು ಚೀಲ ಅಂಟಿಕೊಳ್ಳದಿರಲಿ ಅಂತ ಹಾಕುವ ಟಾಲ್ಕಂ ಅಥವಾ ಜೋಳದ ಪಿಷ್ಟದ ಪುಡಿ. ಅದರ ಜೊತೆ ಉರಿದ ರಾಸಾಯನಿಕದ ಕಣಗಳೂ ಇರುತ್ತವೆ. ಅವು ಕ್ಷಾರ ಗುಣದವು. ಕಣ್ಣಿಗೆ ಕ್ಷಾರ ಬಿದ್ದರೆ ಸುಣ್ಣ ಬಿದ್ದಷ್ಟೇ ಅಪಾಯ. ನಮ್ಮಲ್ಲಿಗೆ ಇಂಥವರು ಬಂದಾಗ ಕೆಳರೆಪ್ಪೆ ಎಳೆದು ಒಳಗಿನ ನೀರಿಗೆ ಕೆಂಪು ಲಿಟ್ಮಸ್ ಕಾಗದದ ತುದಿ ತಾಗಿಸುತ್ತೇವೆ. ನೀಲಿಗೆ ತಿರುಗಿದರೆ ಸಲೈನ್ ಬಾಟಲಿ ನೇತುಹಾಕಿ ತೊಳೆಯುತ್ತಾ ಹೋಗುವುದು. ನಿಲ್ಲಿಸಿ ಮತ್ತೆ ಕಾಗದ ತಾಗಿಸುವುದು, ಮತ್ತೆ ತೊಳೆಯುವುದು. ಕಾಗದ ಬಣ್ಣ ಬದಲಿಸದೆ ನಿಂತ ಮೇಲೇ ಕಣ್ಣಿನ ಡಾಕ್ಟರಿಗೆ ತೋರಿಸುತ್ತೇವೆ. ಹೆದ್ದಾರಿಯಲ್ಲಿ ಇದೆಲ್ಲ ಎಲ್ಲಿರುತ್ತದೆ? ಕುಡಿಯುವ ನೀರಿನ ಬಾಟಲಿ ಸಾಕು. ಕಣ್ಣು ಉಜ್ಜಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ. ಕಾಲು ಗಂಟೆಯಾದರೂ ನೀರು ಹಾಯಿಸಿ, ಆಮೇಲೆ ಆಸ್ಪತ್ರೆಗೆ ಹೊರಡಿ. ತೊಳೆಯದೆ ಕರ್ಚೀಫ್ ಒತ್ತಿಕೊಂಡು ಒಂದು ಗಂಟೆ ಪ್ರಯಾಣ ಮಾಡಿ ಬರುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಆ ಒಂದು ಗಂಟೆಯಲ್ಲಿ ಕಣ್ಣಿನ ಕರಿಗುಡ್ಡೆಯ ಮೇಲಿನ ಪದರ ಹಾಳಾಗಬಹುದು. ನಿಮ್ಮ ಕಣ್ಣು ಈಗ ಚೆನ್ನಾಗಿದೆ ಅನ್ನಿಸಿದರೂ ಒಮ್ಮೆ ತೋರಿಸಿಬಿಡಿ.

ಮುಂಗೈ ಗಾಯ ಚೀಲದ ಬಟ್ಟೆ ಉಜ್ಜಿದ್ದರಿಂದ ಆಗಿರಬಹುದು, ಹಿಂದಿನ ತೂತುಗಳಿಂದ ಬರುವ ಬಿಸಿ ಗ್ಯಾಸಿನಿಂದಲೂ ಆಗಿರಬಹುದು. ಚರ್ಮ ವಾಸಿಯಾಗುತ್ತದೆ. ನನಗೆ ಜಾಸ್ತಿ ಚಿಂತೆ ಸ್ಟೇರಿಂಗ್ ಮೇಲೆ ಕೈ ಅಡ್ಡ ಇಟ್ಟು ಓಡಿಸುವವರದು. ಒಂದು ಕೈಯಲ್ಲೇ ಮೇಲುಗಡೆ ಹಿಡಿಯುವುದು, ಹಾರ್ನ್ ಮೇಲೆ ಅಂಗೈ ಊರಿಕೊಂಡೇ ಇರುವುದು ನಮ್ಮಲ್ಲಿ ಮಾಮೂಲಿ. ಹಾರ್ನ್ ಮುಚ್ಚಳದ ಹಿಂದೆಯೇ ಚೀಲ ಇದೆ. ಅದು ಸಿಡಿದಾಗ ಕೈ ಹಾರಿ ಬಂದು ಸ್ವಂತ ಮುಖಕ್ಕೇ ಬಡಿಯುತ್ತದೆ, ಮುಂಗೈ ಮೂಳೆ ಮುರಿಯುತ್ತದೆ. ಗಡಿಯಾರದ 9 ಮತ್ತು 3 ಇರುವ ಜಾಗದಲ್ಲಿ ಎರಡು ಕೈ ಇಡಿ.

ಇನ್ನೊಂದು ಮಾತು, ಮನೆಯಲ್ಲಿ ಆಸ್ತಮಾ ಇರುವವರಿಗೆ. ಆ ಪುಡಿಯಿಂದ ಉಬ್ಬಸ ಶುರುವಾಗಬಹುದು. ಇಳಿಯುವ ಹಾಗಿದ್ದರೆ ಬೇಗ ಇಳಿಯಿರಿ. ಆಗದಿದ್ದರೆ ಕಿಟಕಿ ತೆಗೆಸಿ.

ಡ್ಯಾಶ್‌ಬೋರ್ಡ್ ಮೇಲೆ ಎಡಗಡೆ ಗಣಪತಿ ಮೂರ್ತಿ ಅಂಟಿಸಿದ್ದೇವೆ. ಹಿತ್ತಾಳೆಯದು. ತೆಗೆಯಬೇಕು ಅಂತ ಮಗಳ ಜಗಳ. ದೇವರನ್ನು ತೆಗೆಯಲು ಮನಸ್ಸು ಬರುತ್ತಿಲ್ಲ.
– ಓದುಗರು, ಶಿರಸಿ

ಮಗಳ ಮಾತು ಕೇಳಿ. ಎಡಗಡೆ ಡ್ಯಾಶ್‌ಬೋರ್ಡ್ ಮೇಲೆ ‘ಎಸ್‌ಆರ್‌ಎಸ್ ಏರ್‌ಬ್ಯಾಗ್’ ಅಂತ ಸಣ್ಣದಾಗಿ ಕೆತ್ತಿರುತ್ತದೆ, ಬೆರಳಾಡಿಸಿದರೆ ಸಿಗುತ್ತದೆ. ಆ ಮುಚ್ಚಳ ಹರಿದುಕೊಂಡೇ ಚೀಲ ಹೊರಗೆ ಬರುವುದು. ಮೇಲಿರುವ ಹಿತ್ತಾಳೆ ಅದೇ ವೇಗದಲ್ಲಿ ಮಗಳ ಮುಖಕ್ಕೆ ಬರುತ್ತದೆ. ಮೂರ್ತಿಯನ್ನು ಮನೆಯ ದೇವರ ಗೂಡಿನಲ್ಲಿಟ್ಟು ಪೂಜೆ ಮಾಡಿ. ಕಾರಿಗೆ ಚಪ್ಪಟೆಯಾದ ಒಂದು ಸ್ಟಿಕ್ಕರ್ ಸಾಕು, ಅದೂ ಆ ಮುಚ್ಚಳದಿಂದ ದೂರ. ಸೆಂಟ್ ಬಾಟಲಿ, ಮೊಬೈಲ್ ಸ್ಟ್ಯಾಂಡ್‌ಗೂ ಇದೇ ಮಾತು. ಡ್ಯಾಶ್‌ಬೋರ್ಡ್ ಮೇಲೆ ಕಾಲು ಚಾಚಿ ಕೂರುವ ಹುಡುಗ ಹುಡುಗಿಯರಿಗೂ ಹೇಳಿ. ಆ ಭಂಗಿಯಲ್ಲಿ ಚೀಲ ಸಿಡಿದರೆ ಸೊಂಟದ ಕೀಲು ತಪ್ಪುತ್ತದೆ, ತೊಡೆಯ ಮೂಳೆ ಮುರಿಯುತ್ತದೆ.

ಕಾರಿನ ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸಿದ್ದರೆ ಅದನ್ನೂ ತೆಗೆಸಿ. ಸೆನ್ಸರ್‌ಗೆ ತಲುಪಬೇಕಾದ ಹೊಡೆತದ ಲೆಕ್ಕವೇ ಅದರಿಂದ ತಪ್ಪುತ್ತದೆ. ಅದು ಕಾನೂನಿಗೆ ವಿರುದ್ಧ ಅಂತ ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಬರೆದಿದೆ.

ನನ್ನ ಎತ್ತರ ನಾಲ್ಕು ಅಡಿ ಹತ್ತು ಇಂಚು. ಈಗ ಆರು ತಿಂಗಳ ಬಸುರಿ. ಆಫೀಸಿಗೆ ನಾನೇ ಡ್ರೈವ್ ಮಾಡಿಕೊಂಡು ಹೋಗುತ್ತೇನೆ. ಸ್ಟೇರಿಂಗ್ ಹೊಟ್ಟೆಗೆ ತೀರಾ ಹತ್ತಿರ. ಏರ್‌ಬ್ಯಾಗ್ ತೆಗೆಸಿಬಿಡಲೇ?
– ಓದುಗರು, ಮೈಸೂರು

ತೆಗೆಸಬೇಡಿ. 1987ರಿಂದ 2017ರವರೆಗೆ ಮುಂದಿನ ಏರ್‌ಬ್ಯಾಗ್‌ಗಳು ಅಮೆರಿಕ ಒಂದರಲ್ಲೇ 50 ಸಾವಿರಕ್ಕೂ ಹೆಚ್ಚು ಜೀವ ಉಳಿಸಿವೆ ಅಂತ ಅಲ್ಲಿನ ಸರ್ಕಾರಿ ರಸ್ತೆ ಸುರಕ್ಷತಾ ಸಂಸ್ಥೆಯ ಅಂದಾಜು. ಬಸುರಿಯರಿಗೂ ಅದು ಬೇಕು. ನೀವು ಮಾಡಬೇಕಾದ್ದು ಅದರಿಂದ ದೂರ ಕೂರುವುದು.

ಸ್ಕೂಲ್ ಮಕ್ಕಳ ಸ್ಕೇಲ್ ಒಂದು ತನ್ನಿ. ಎದೆಮೂಳೆಯಿಂದ ಸ್ಟೇರಿಂಗ್ ನಡುಭಾಗದವರೆಗೆ 25 ಸೆಂ.ಮೀ. ಅಂತರ ಇರಲೇಬೇಕು. ಸೀಟು ಹಿಂದಕ್ಕೆ ಸರಿಸಿ. ಪೆಡಲ್ ಎಟುಕದಿದ್ದರೆ ಬೆನ್ನೊರಗು ಸ್ವಲ್ಪ ಹಿಂದಕ್ಕೆ ಬಾಗಿಸಿ. ಸ್ಟೇರಿಂಗ್ ಮೇಲೆ ಕೆಳಗೆ ಆಗುವಂಥದಾದರೆ, ಅದರ ಮುಖ ಹೊಟ್ಟೆಯ ಕಡೆ ಇರದೆ ಎದೆಯ ಕಡೆ ಇರಲಿ. ಕೆಳಗಿನ ಬೆಲ್ಟ್ ಹೊಟ್ಟೆಯ ಅಡಿಯಲ್ಲಿ, ಸೊಂಟದ ಮೂಳೆಗೆ ತಾಗಿಕೊಂಡು ಹೋಗಬೇಕು. ಮೇಲಿನದು ಹೆಗಲ ಮೇಲಿಂದ, ಎರಡು ಸ್ತನಗಳ ನಡುವೆ ಬರಬೇಕು. ಇಷ್ಟೆಲ್ಲ ಮಾಡಿಯೂ 25 ಸೆಂ.ಮೀ. ಸಿಗದಿದ್ದರೆ ಹೆರಿಗೆಯಾಗುವವರೆಗೆ ಸ್ಟೇರಿಂಗ್ ಬೇರೆಯವರಿಗೆ ಕೊಟ್ಟು ಹಿಂದೆ ಕೂರಿ.

ಡಿಕ್ಕಿ ಸಣ್ಣದಾದರೂ ಸರಿ, ಏರ್‌ಬ್ಯಾಗ್ ಬರಲಿ ಬಿಡಲಿ, ಅವತ್ತೇ ಆಸ್ಪತ್ರೆಗೆ ಹೋಗಿ. ಹೊರಗೆ ಒಂದು ಗೀರೂ ಇಲ್ಲದೆ ಒಳಗೆ ಮಾಸು ಗರ್ಭಕೋಶದಿಂದ ಬಿಟ್ಟುಕೊಳ್ಳಬಹುದು. ಕೆಲವು ಗಂಟೆ ಮಗುವಿನ ಎದೆಬಡಿತ ನೋಡಬೇಕಾಗುತ್ತದೆ. ‘ನನಗೇನೂ ಆಗಿಲ್ಲ’ ಅಂತ ಮನೆಗೆ ಹೋಗಬೇಡಿ.

2011ರ ಹಳೇ ಕಾರು ತಗೊಂಡೆ. ಟಕಾಟಾ ಏರ್‌ಬ್ಯಾಗ್ ಬಾಂಬ್ ಇದ್ದ ಹಾಗೆ ಅಂತ ಫ್ರೆಂಡ್ ಹೆದರಿಸುತ್ತಿದ್ದಾನೆ. ಹೌದಾ?
– ಓದುಗರು, ಉಡುಪಿ

ಫ್ರೆಂಡ್ ಸುಮ್ನೆ ಹೆದರಿಸುತ್ತಿಲ್ಲ. ಟಕಾಟಾ ಜಪಾನಿನ ಕಂಪನಿ. ಗ್ಯಾಸ್ ಹುಟ್ಟಿಸಲು ಅದು ಅಮೋನಿಯಂ ನೈಟ್ರೇಟ್ ಬಳಸುತ್ತಿತ್ತು. ತೇವ ಹೀರಿಕೊಳ್ಳುವ ವಸ್ತುವನ್ನು ಜೊತೆಗೆ ಇಡದ ಡಬ್ಬಿಗಳು ವರ್ಷಗಟ್ಟಲೆ ತೇವ, ಬಿಸಿ ತಿಂದು ಕೆಟ್ಟವು. ಕೆಟ್ಟ ರಾಸಾಯನಿಕ ಮಿತಿಮೀರಿ ಬೇಗ ಉರಿಯುತ್ತದೆ. ಆಗ ಲೋಹದ ಡಬ್ಬಿಯೇ ಒಡೆದು ಚೂರುಗಳು ಚೀಲ ಸೀಳಿಕೊಂಡು ಬರುತ್ತವೆ. 2014ರಲ್ಲಿ ಫ್ಲೋರಿಡಾದ ಆರ್ಲಾಂಡೊದಲ್ಲಿ ಸತ್ತ ಒಬ್ಬ ಮಹಿಳೆಯ ಕುತ್ತಿಗೆಯ ಗಾಯ ನೋಡಿ, ಯಾರೋ ಇರಿದಿದ್ದಾರೆ ಅಂತಲೇ ಪೊಲೀಸರು ಮೊದಲು ಅಂದುಕೊಂಡಿದ್ದರು. ಜಗತ್ತಿನಲ್ಲಿ ಸುಮಾರು ಹತ್ತು ಕೋಟಿ ಡಬ್ಬಿಗಳನ್ನು ವಾಪಸ್ ಕರೆಯಬೇಕಾಯಿತು. 2017ರಲ್ಲಿ ಕಂಪನಿ ದಿವಾಳಿಯಾಯಿತು. ಭಾರತದಲ್ಲೂ ಹೊಂಡಾ, ಟೊಯೋಟಾ, ನಿಸ್ಸಾನ್ ತಮ್ಮ ಹಲವು ಕಾರುಗಳನ್ನು ಇದಕ್ಕಾಗಿ ವಾಪಸ್ ಕರೆದಿವೆ.

ನಿಮ್ಮದು ಕರಾವಳಿ. ಸೆಕೆ, ತೇವ ಎರಡೂ ಹೆಚ್ಚು. ಆದ್ದರಿಂದ ತಡ ಮಾಡಬೇಡಿ. ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಇಲ್ಲವೇ ಶೋರೂಮಿಗೆ ಹೋಗಿ ಕೇಳಿ. ಪಟ್ಟಿಯಲ್ಲಿದ್ದರೆ ಬಿಟ್ಟಿಯಾಗಿ ಬದಲಾಯಿಸಿಕೊಡುತ್ತಾರೆ. ಬದಲಾಯಿಸುವವರೆಗೆ ಆ ಕಾರು ಓಡಿಸಬೇಡಿ.

ಹಳೇ ಕಾರಾದ್ದರಿಂದ ಇನ್ನೊಂದು ಪರೀಕ್ಷೆ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಹತ್ತಿ ಆರಬೇಕು. ಆರದೆ ಉರಿಯುತ್ತಲೇ ಇದ್ದರೆ ಅಪಘಾತದಲ್ಲಿ ಚೀಲ ಬರದೇ ಇರಬಹುದು. ಒಮ್ಮೆಯೂ ಹತ್ತದಿದ್ದರೆ ಇನ್ನೂ ಅನುಮಾನ ಪಡಿ. ಹಿಂದೆ ಅಪಘಾತವಾಗಿ ಚೀಲ ಖರ್ಚಾದಾಗ ಹೊಸದು ಹಾಕದೆ, ದೀಪವನ್ನೇ ಕೆಡಿಸಿ ಮಾರುವವರಿದ್ದಾರೆ. ಮಳೆನೀರಿನಲ್ಲಿ ಮುಳುಗಿದ ಕಾರಾದರೂ ಇದೇ ಭಯ. ಏರ್‌ಬ್ಯಾಗ್ ಕಂಟ್ರೋಲ್ ಪೆಟ್ಟಿಗೆ ಸಾಮಾನ್ಯವಾಗಿ ಗೇರ್ ಹತ್ತಿರ, ನೆಲಮಟ್ಟದಲ್ಲೇ ಇರುತ್ತದೆ. ಇದನ್ನು ಕಂಪನಿ ಸರ್ವಿಸ್‌ನಲ್ಲೇ ಸ್ಕ್ಯಾನರ್ ಹಾಕಿ ನೋಡಿಸಿ. ಸ್ಟೇರಿಂಗ್ ಬಿಚ್ಚಿ ನೋಡುತ್ತೇನೆ ಅನ್ನುವ ಪರಿಚಯದ ಮೆಕ್ಯಾನಿಕ್ ಕೈಗೆ ಕೊಡಬೇಡಿ. ಬಿಚ್ಚುವಾಗಲೇ ಸಿಡಿದರೆ ಅವನ ಮುಖ ಅದರ ಎದುರಿಗೇ ಇರುತ್ತದೆ.