ಸ್ವಂತ ಹಾಡು ಹಾಕಿದ್ರೆ ಎಲ್ರೂ "ಸೂಪರ್" ಅಂತಾರೆ, ನಿಜವಾದ ಅಭಿಪ್ರಾಯ ತಿಳ್ಕೊಳ್ಳೋದು ಹೇಗೆ?

ನೀವು ಬರೆದಿರೋದು ಓದ್ದೆ. 2 ವರ್ಷದಿಂದ ನೀವೇ ಸಾಹಿತ್ಯ ಬರೆದು, ನೀವೇ ರಾಗ ಹಾಕಿ, 6 ಹಾಡು ಯೂಟ್ಯೂಬಿಗೆ ಹಾಕಿದ್ದೀರ, ಫ್ರೆಂಡ್ಸು ನೆಂಟರು ಎಲ್ಲ ಸೂಪರ್ ಅಂತ ಬರೆದು ಬೆಂಕಿ ಎಮೋಜಿ ಹಾಕ್ತಾರೆ, ಆದ್ರೆ ಹಾಡು ನಿಜಕ್ಕೂ ಚೆನ್ನಾಗಿದೆಯಾ ಇಲ್ವಾ ಅನ್ನೋದು ಮಾತ್ರ ನಿಮಗೆ ಗೊತ್ತಾಗ್ತಿಲ್ಲ. ನಾನೂ 9 ವರ್ಷದಿಂದ ಇದೇ ಮಾಡ್ಕೊಂಡು ಬಂದಿದ್ದೀನಿ, ಹೊಟ್ಟೆಪಾಡಿಗೆ ಶಿವಮೊಗ್ಗದಲ್ಲಿ ಬೇರೆ ಕೆಲಸ ಇದೆ, ಹಾಡು ಏನಿದ್ರೂ ರಾತ್ರಿ ಮನೆಯವರೆಲ್ಲ ಮಲಗಿದ್ಮೇಲೆ. ಅದಕ್ಕೆ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲು "ಹೇಗಿದೆ" ಅಂತ ಕೇಳೋದು ಬಿಡಿ. ಊಟಕ್ಕೆ ಕರೆದು ಸಾರು ಹೇಗಿದೆ ಅಂತ ಕೇಳಿದ್ರೆ ನಮ್ಮಲ್ಲಿ ಯಾರಾದ್ರೂ ಚೆನ್ನಾಗಿಲ್ಲ ಅಂತಾರಾ? ಸಾರು ಚೆನ್ನಾಗಿತ್ತಾ ಅನ್ನೋದು ಅವರು ಇನ್ನೊಂದು ಸೌಟು ಹಾಕಿಸ್ಕೊಂಡ್ರಾ ಇಲ್ವಾ ಅನ್ನೋದ್ರಲ್ಲಿ ಗೊತ್ತಾಗುತ್ತೆ. ನಿಮ್ಮ ಫ್ರೆಂಡ್ಸ್ ಸುಳ್ಳು ಹೇಳ್ತಿಲ್ಲ, ನೀವು ಕೇಳ್ತಿರೋ ಪ್ರಶ್ನೆಗೆ ಇರೋದೇ ಅದೊಂದು ಉತ್ತರ. ಅದರ ಬದಲು "ಏನು ಕೇಳಿಸ್ತು" ಅಂತ ಕೇಳಿ ನೋಡಿ.

ಇದು ನನಗೆ ಹೊಳೆದಿದ್ದು ನಮ್ಮ ಅಕ್ಕನ ಮಗನಿಂದ. ನಮ್ಮೂರಿಗೆ ಹೋಗೋ ರಸ್ತೆ ಮೇಲೆ ಒಂದು ಹಾಡು ಮಾಡಿದ್ದೆ, ಪಲ್ಲವಿ ಶುರುವಾಗೋದೇ "ಹಳೆ ದಾರಿ" ಅಂತ. ರಾಗದಲ್ಲಿ ಮೊದಲನೇ ಅಕ್ಷರದ ಮೇಲೆ ನಿಂತ್ರೆ ಚೆನ್ನಾಗಿರುತ್ತೆ ಅಂತ "ಹ"ನ ಎರಡು ಏಟು ಎಳೆದಿದ್ದೆ. ಸುಮಾರು 30 ಜನಕ್ಕೆ ಕಳಿಸಿದ್ದೆ, ಎಲ್ರೂ ಸೂಪರ್. ಆಗ 8ನೇ ಕ್ಲಾಸಲ್ಲಿದ್ದ ಇವನು ಬಂದು "ಮಾಮ, ಹಾಳೆ ದಾರಿ ಅಂದ್ರೇನು, ಪೇಪರ್ ರೋಡಾ?" ಅಂತ ಕೇಳ್ದ. ಅವನು ತಮಾಷೆ ಮಾಡ್ತಿರಲಿಲ್ಲ, ಅವನಿಗೆ ಕೇಳ್ಸಿದ್ದೇ ಹಾಗೆ. ಆಮೇಲೆ ಉಳಿದವ್ರಲ್ಲಿ ನಾಲ್ಕು ಜನಕ್ಕೆ ಫೋನ್ ಮಾಡಿ ಮೊದಲ ಸಾಲು ಏನಿತ್ತು ಅಂತ ಕೇಳ್ದೆ, ಮೂರು ಜನ ಹಾಳೆ ಅಂತಲೇ ಅಂದ್ರು, ಏನೋ ಕವಿತೆ ಇರ್ಬೇಕು ಬಿಡು ಅಂತ ಸುಮ್ನಿದ್ರಂತೆ.

ಕನ್ನಡದಲ್ಲಿ ಹಾಡು ಕಟ್ಟೋರಿಗೆ ಇದು ತುಂಬಾ ದೊಡ್ಡ ವಿಷಯ, ಯಾಕಂದ್ರೆ ನಮ್ಮಲ್ಲಿ ಒಂದು ಹ್ರಸ್ವ ಎಳೆದ್ರೆ ಪದವೇ ಬದಲಾಗಿಬಿಡುತ್ತೆ. ನಡು ಅಂದ್ರೆ ಸೊಂಟ, ನಾಡು ಬೇರೆ. ಬಲೆ ಬೇರೆ, ಬಾಲೆ ಬೇರೆ. ಶಾಸ್ತ್ರೀಯ ಸಂಗೀತದಲ್ಲಿ ಎಳೀತಾರಲ್ಲ ಅಂತ ನೀವು ಕೇಳ್ಬಹುದು, ಅಲ್ಲಿ ಕೂತಿರೋರಿಗೆ ಆ ಕೃತಿಯ ಸಾಹಿತ್ಯ ಮೊದಲೇ ಗೊತ್ತಿರುತ್ತೆ, ನಮ್ಮ ಹೊಸ ಹಾಡಿಗೆ ಆ ಸೌಕರ್ಯ ಇಲ್ಲ. ನಾನು ಮಾಡಿದ್ದು ಇಷ್ಟೇ, "ಹಳೆ"ನ ಚಿಕ್ಕದಾಗಿ ಅಂದು ಎಳೆತಾನ "ದಾ" ಮೇಲೆ ಇಟ್ಟೆ, ಅದು ಹೇಗೂ ದೀರ್ಘ. ಇವತ್ತಿಗೂ ಟ್ಯೂನ್ ಮೊದಲು ಬಂದ್ರೆ ಎಲ್ಲೆಲ್ಲಿ ಎಳೀಬೇಕೋ ಅಲ್ಲೆಲ್ಲ ದೀರ್ಘ ಇರೋ ಪದ ಹುಡುಕ್ತೀನಿ, ಸಿಗದಿದ್ರೆ ಟ್ಯೂನ್ ತಿದ್ದುತೀನಿ.

ಹಾಗಾಗಿ ಮುಂದಿನ ಸಲ ಲಿರಿಕ್ಸ್ ಕೊಡದೆ ಬರೀ ಆಡಿಯೋ ಕಳಿಸಿ, ಪಲ್ಲವಿ ಏನು ಕೇಳಿಸ್ತೋ ಬರೆದು ಕಳಿಸಿ ಅನ್ನಿ. 5 ಜನ ಸಾಕು. ಎಲ್ರೂ ಒಂದೇ ಕಡೆ ತಪ್ಪಿದ್ರೆ ಪದಕ್ಕೂ ರಾಗಕ್ಕೂ ಹೊಂದ್ತಿಲ್ಲ ಅಂತ ಅರ್ಥ. ಒಬ್ಬೊಬ್ಬರು ಒಂದೊಂದು ಕಡೆ ತಪ್ಪಿದ್ರೆ ಬಹುಶಃ ವಾಯ್ಸ್ ಸಣ್ಣಗಾಗಿ ಗಿಟಾರ್ ಅದನ್ನ ಮುಚ್ತಿದೆ, ಹಳ್ಳಿ ಅಂದಿದ್ದು ಹಲ್ಲಿ ಅಂತ ಕೇಳೋದು ಆಗಲೇ.

ಇನ್ನೊಂದು ದಾರಿ ಇದೆ, ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೇದು ಇಲ್ಲ. ನಮ್ಮೂರು ಕಡೂರು ತಾಲೂಕಲ್ಲಿ, ಅಲ್ಲಿ ಶನಿವಾರ ರಾತ್ರಿ ಹನುಮಂತರಾಯನ ಗುಡೀಲಿ ಭಜನೆ ಇರುತ್ತೆ. ಒಂದು ಹಾರ್ಮೋನಿಯಂ, ತಬಲ, ಉಳಿದವರ ಕೈಯಲ್ಲಿ ತಾಳ. ಮುಂದೆ ಕೂತೋರು ಒಂದು ಸಾಲು ಹೇಳ್ತಾರೆ, ಹಿಂದಿನವರು ಅದನ್ನೇ ವಾಪಸ್ ಹೇಳ್ತಾರೆ. ಬಹಳ ವರ್ಷ ನಮ್ಮ ದೊಡ್ಡಪ್ಪನೇ ಮುಂದೆ ಕೂತು ಹೇಳಿಕೊಡ್ತಿದ್ರು. ಒಂದ್ಸಲ ಧೈರ್ಯ ಮಾಡಿ ನಾನು ಬರೆದ ತತ್ವಪದದ ಥರದ್ದೊಂದನ್ನ ಅಲ್ಲಿ ಹೇಳ್ದೆ. ಮೊದಲ ಸಾಲು ಎಲ್ರೂ ಗಟ್ಟಿಯಾಗಿ ವಾಪಸ್ ಹೇಳಿದ್ರು. ಎರಡನೇ ಸಾಲಿಗೆ ಅರ್ಧ ಜನ. ಮೂರನೇದಕ್ಕೆ ಬರೀ ತಾಳದ ಸದ್ದು, ದೊಡ್ಡಪ್ಪ ಒಬ್ಬರೇ ಹೇಗೋ ಗುನುಗಿ ಮುಗಿಸಿದ್ರು. ಯಾರೂ ಚೆನ್ನಾಗಿಲ್ಲ ಅನ್ನಲಿಲ್ಲ, ಚುರುಮುರಿ ಹಂಚುವಾಗ ಬೆನ್ನು ತಟ್ಟಿದ್ರು ಕೂಡ. ಮನೆಗೆ ನಡ್ಕೊಂಡು ಬರುವಾಗ ದೊಡ್ಡಪ್ಪ ಅಂದಿದ್ದು ಒಂದೇ ಮಾತು, "ಲೋ, ಆ ಮೂರನೇ ಸಾಲು ಹೇಳಕ್ಕೆ ಒಂದು ಉಸಿರು ಸಾಲಲ್ಲ ಕಣೋ, ಎರಡು ಮಾಡು." ಮನೇಲಿ ಬಂದು ಎಣಿಸಿ ನೋಡಿದ್ರೆ ಮೊದಲ ಸಾಲಲ್ಲಿ 12 ಅಕ್ಷರ, ಮೂರನೇದ್ರಲ್ಲಿ 23. ನಾನು ರೆಕಾರ್ಡ್ ಮಾಡುವಾಗ ಮಧ್ಯೆ ಕಟ್ ಮಾಡಿ ಜೋಡಿಸ್ತಿದ್ದೆ, ಅದಕ್ಕೆ ನನಗೆ ಯಾವತ್ತೂ ಉಸಿರು ಕಟ್ಟಿರಲಿಲ್ಲ.

ನಿಮಗೆ ಭಜನೆ ಮನೆ ಇಲ್ಲದೆ ಇರಬಹುದು, ಪರವಾಗಿಲ್ಲ, ಮನೇಲಿ ನಾಲ್ಕು ಜನ ಕೂತಾಗ ಹಾಡಿ, ಪಲ್ಲವಿ ಮೂರನೇ ಸಲ ಬಂದಾಗ ಯಾರ ಬಾಯಾದ್ರೂ ಅಲ್ಲಾಡ್ತಿದೆಯಾ ಅಂತ ನೋಡಿ. ಫೋನ್ ಕಡೆ ಕೈ ಯಾವ ಸಾಲಿಗೆ ಹೋಯ್ತು ಅನ್ನೋದನ್ನೂ ನೋಡಿ. ಮಾರನೇ ದಿನ ಅಡುಗೆ ಮಾಡ್ತಾ ಯಾರಾದ್ರೂ ಗುನುಗಿದ್ರೆ ಏನನ್ನ ಗುನುಗ್ತಿದಾರೆ ಅಂತ ಕಿವಿಗೊಟ್ಟು ಕೇಳಿ, ನೀವು ಹಾಡಿದ್ದಕ್ಕಿಂತ ಬೇರೆ ಥರ ಗುನುಗ್ತಿದ್ರೆ ಎಷ್ಟೋ ಸಲ ಅವರದ್ದೇ ಸರಿ ಇರುತ್ತೆ.

ಇನ್ನು ನೆಟ್‌ನಲ್ಲಿ ಸಿಗೋ ಗುರುತುಗಳು. ಯೂಟ್ಯೂಬ್ ಸ್ಟುಡಿಯೋದಲ್ಲಿ ಜನ ಯಾವ ಸೆಕೆಂಡ್ ತನಕ ಕೇಳಿದ್ರು ಅಂತ ಒಂದು ಗೆರೆ ತೋರಿಸುತ್ತೆ. ನನ್ನ ಒಂದು ಹಾಡಿಗೆ 40 ಸೆಕೆಂಡ್ ಗಿಟಾರ್ ಇಂಟ್ರೋ ಇತ್ತು, ಹಾಡು ಶುರುವಾಗೋ ಮುಂಚೆಯೇ ಆ ಗೆರೆ ಅರ್ಧಕ್ಕೆ ಬಿದ್ದಿತ್ತು, 12 ಸೆಕೆಂಡಿಗೆ ಇಳಿಸಿದೆ. ಆದ್ರೆ ನೋಡಿರೋರೇ 50 ಜನ ಅಂದ್ರೆ ಆ ಗೆರೆನ ಅತಿಯಾಗಿ ನಂಬ್ಬೇಡಿ. ಸೌಂಡ್‌ಕ್ಲೌಡಲ್ಲಿ ಹಾಡಿನ ಇಂಥ ಜಾಗಕ್ಕೇ ಅಂತ ಕಾಮೆಂಟ್ ಹಾಕೋ ಸೌಲಭ್ಯ ಇದೆ, ಅದು ನಮ್ಮಂಥವರಿಗೆ ಬಹಳ ಉಪಯೋಗ, "1 ನಿಮಿಷ 10ರಲ್ಲಿ ಏನೋ ಆಗುತ್ತೆ" ಅನ್ನೋ ಒಂದು ಕಾಮೆಂಟು ನೂರು ಸೂಪರಿಗಿಂತ ಹೆಚ್ಚು.

ರೆಕಾರ್ಡಿಂಗ್ ಬಗ್ಗೆ ಎರಡೇ ಮಾತು. ಮಾಮೂಲಿ ರೂಮಲ್ಲಿ ಕಂಡೆನ್ಸರ್ ಮೈಕ್ ಇಟ್ರೆ ಫ್ಯಾನು, ಕುಕ್ಕರ್ ವಿಷಲ್ಲು, ಗೋಡೆಯ ಗುಂಯ್ ಎಲ್ಲ ಹಿಡಿಯುತ್ತೆ, ದೂರದ ಸದ್ದು ಅಷ್ಟಾಗಿ ಹಿಡಿಯದ ಡೈನಾಮಿಕ್ ಮೈಕ್ ತಗೊಂಡು ಹತ್ತಿರದಿಂದ ಹಾಡಿ, ಹಿಂದೆ ಒಂದು ಕಂಬಳಿ ಕಟ್ಟಿ. ಆಮೇಲೆ ಒಂದೇ ಹಾಡಿನ ಎರಡು ಮಿಕ್ಸ್ (ವಾಯ್ಸು, ವಾದ್ಯಗಳನ್ನ ಬೇರೆ ಬೇರೆ ಥರ ಬೆರೆಸಿದ್ದು) ಕೊಟ್ಟು ಯಾವುದು ಚೆನ್ನಾಗಿದೆ ಅಂತ ಕೇಳೋದಾದ್ರೆ ಎರಡರ ವಾಲ್ಯೂಮನ್ನೂ ಮೊದಲು ಸಮ ಮಾಡಿ, ಯಾವುದು ಜೋರಾಗಿದೆಯೋ ಅದೇ ಚೆನ್ನಾಗಿದೆ ಅಂತ ಕಿವಿಗೆ ಅನ್ಸುತ್ತೆ. ಆಡಾಸಿಟಿ ಫ್ರೀ ಸಾಫ್ಟ್‌ವೇರ್, ಅದರಲ್ಲೇ ಮಾಡ್ಬಹುದು.

ಸಂಗೀತ ಗೊತ್ತಿರೋರ ಹತ್ರ ಕೇಳ್ಬೇಕಾ ಅಂತಲೂ ಬರೆದಿದ್ದೀರ. ಕೇಳಿ, ಆದ್ರೆ ಮೊದಲೇ ಬೇಡ. ತಿಳಿದೋರು ಬೇಗ ನಿಮ್ಮ ಹಾಡನ್ನ ತಮ್ಮ ಹಾಡು ಮಾಡಿಬಿಡ್ತಾರೆ, ಇಲ್ಲಿ ಕೊಳಲು ಹಾಕು, ಇಲ್ಲಿ ಸ್ಕೇಲ್ ಬದಲಿಸು ಅಂತ. ಅಮೆರಿಕದಲ್ಲಿ ಲಿಜ್ ಲರ್ಮನ್ ಅಂತ ನೃತ್ಯ ಸಂಯೋಜಕಿ ಇದಾರೆ, ಅವರು ಇದಕ್ಕೆ ನಾಲ್ಕು ಹಂತದ ಒಂದು ಕ್ರಮ ಮಾಡಿದಾರೆ, ಮೊದಲು ಹಾಡು ಕೇಳಿದೋರು ತಮ್ಮ ಮನಸ್ಸಿಗೆ ಏನು ತಾಕ್ತು ಅಂತ ಹೇಳ್ಬೇಕು, ಆಮೇಲೆ ಮಾಡಿದೋರು ತಮ್ಮ ಅನುಮಾನ ಕೇಳ್ಬೇಕು, ಆಮೇಲೆ ಕೇಳಿದೋರು ತಪ್ಪು ಹುಡುಕೋ ಧಾಟಿ ಇಲ್ಲದೆ ಪ್ರಶ್ನೆ ಕೇಳ್ಬೇಕು, ಕೊನೆಗೆ ಅಭಿಪ್ರಾಯ, ಅದೂ "ಹೇಳಲಾ?" ಅಂತ ಕೇಳಿ, ಮಾಡಿದೋರು ಹ್ಞೂಂ ಅಂದ್ಮೇಲೆ. ನಾವು ಮೂರು ಜನ ಹಾಡು ಕಟ್ಟೋರು ತಿಂಗಳಿಗೊಮ್ಮೆ ಸೇರ್ತೀವಿ, ಈ ಕ್ರಮ ಇಟ್ಕೊಂಡ ಮೇಲೆ ಯಾರೂ ಮುಖ ಸಣ್ಣ ಮಾಡ್ಕೊಂಡು ಹೋಗಿಲ್ಲ.

ಬೇರೆಯವರ ಹಾಡೂ ಕೇಳಿ ನಿಮ್ಮ ಅಭಿಪ್ರಾಯ ಬರೀರಿ. 2004ರಿಂದ ಫೆಬ್ರವರಿ ಆಲ್ಬಮ್ ರೈಟಿಂಗ್ ಮಂತ್ ಅಂತ ನೆಟ್‌ನಲ್ಲಿ ಒಂದು ಸವಾಲು ನಡೀತಾ ಬಂದಿದೆ, ಫೆಬ್ರವರಿ 28 ದಿನದಲ್ಲಿ 14 ಹಾಡು ಬರೀಬೇಕು, ಒಬ್ಬರ ಹಾಡು ಇನ್ನೊಬ್ಬರು ಕೇಳಿ ಅಭಿಪ್ರಾಯ ಬರೀತಾರೆ. ನಾನು ಒಂದ್ಸಲ ಪ್ರಯತ್ನಪಟ್ಟು 5ಕ್ಕೆ ನಿಂತೆ, ಆದ್ರೆ ಯಾರದೋ ಹಾಡಿನ ಎರಡನೇ ಚರಣ ಯಾಕೆ ಜೋಲು ಬಿತ್ತು ಅಂತ ಹುಡುಕಿ ಬರೆಯೋಕೆ ಕೂತಾಗ ನನ್ನ ಹಾಡಲ್ಲೂ ಅದೇ ಇದೆ ಅಂತ ಕಾಣಿಸ್ತು.

ಕೆಟ್ಟ ಕಾಮೆಂಟ್ ಬರುತ್ತೆ. ನನಗೊಬ್ಬರು "ನಿನ್ನ ಗಂಟಲಿಗೆ ಹಾಡು ಯಾಕೆ" ಅಂತ ಬರೆದಿದ್ರು, 7 ತಿಂಗಳು ಮೈಕ್ ಮುಟ್ಟಲಿಲ್ಲ, ಆ ತಿಂಗಳುಗಳು ಹೋದವಲ್ಲ ಅಂತ ಈಗಲೂ ನೋವಿದೆ. ಈಗ ಹಾಡಿನ ಯಾವುದಾದ್ರೂ ಜಾಗ ತೋರಿಸಿ ಬೈದ್ರೆ ಆ ಜಾಗಕ್ಕೆ ಹೋಗಿ ಮತ್ತೆ ಕೇಳ್ತೀನಿ, ಬರೀ ನನ್ನನ್ನ ಬೈದ್ರೆ ಡಿಲೀಟ್ ಮಾಡ್ತೀನಿ. ಮತ್ತೆ ಎಲ್ಲರೂ ಹೇಳಿದ್ದೆಲ್ಲ ತಿದ್ದಬೇಕು ಅಂತಿಲ್ಲ. ನಮ್ಮಪ್ಪ ತೀರಿಕೊಂಡ ವರ್ಷ ಬರೆದ ಹಾಡಲ್ಲಿ ಕೊನೆ ಚರಣ ತುಂಬಾ ಭಾರ ಆಯ್ತು ಅಂತ ನಾಲ್ಕು ಜನ ಅಂದ್ರು, ಅದು ಭಾರವಾಗೇ ಇರ್ಲಿ ಅಂತ ಬಿಟ್ಟಿದ್ದೀನಿ.

ಯಾರಾದ್ರೂ ಕದ್ದುಬಿಟ್ರೆ ಅನ್ನೋ ಭಯಕ್ಕೆ: ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದು ಇಟ್ಟಾಗಲೇ ಹಕ್ಕು ನಿಮ್ಮದು, ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ. ಹಳೆ ರೆಕಾರ್ಡಿಂಗ್ ಫೈಲುಗಳನ್ನ ತಾರೀಕು ಸಮೇತ ಉಳಿಸ್ಕೊಳ್ಳಿ ಸಾಕು, ಈ ಭಯಕ್ಕೆ ಹಾಡನ್ನ ಪೆಟ್ಟಿಗೇಲಿ ಇಡ್ಬೇಡಿ.

ನಿಮ್ಮ 6 ಹಾಡಲ್ಲಿ ನಿಮಗೆ ಜಾಸ್ತಿ ಅನುಮಾನ ಇರೋ ಒಂದರ ಲಿಂಕ್ ಕೆಳಗೆ ಹಾಕಿ. ಲಿರಿಕ್ಸ್ ಹಾಕ್ಬೇಡಿ. ಒಂದ್ಸಲ ಫೋನ್ ಸ್ಪೀಕರಲ್ಲಿ, ಒಂದ್ಸಲ ಹೆಡ್‌ಫೋನಲ್ಲಿ ಕೇಳಿ, ನನಗೆ ಕೇಳಿಸಿದ ಪಲ್ಲವಿನ ಇದೇ ಜಾಗದಲ್ಲಿ ಬರೆದು ಹಾಕ್ತೀನಿ, ನೀವು ಬರೆದಿದ್ದರ ಪಕ್ಕ ಇಟ್ಟು ನೋಡಿ.